ಎರೆ ನೆಲದಲ್ಲಿ ಬೆಂಕಿ ಕುಣಿ: ಎರಡು ಸಲ ಕಟ್ಟಿದ ಅನುಭವ

ನಮ್ಮ ಮನೆ ಇರುವುದು ವಿಜಯಪುರ ಜಿಲ್ಲೆಯಲ್ಲಿ, ಡೋಣಿ ಹೊಳೆಯ ಕಡೆ. ಗುದ್ದಲಿ ಹಾಕಿದಲ್ಲೆಲ್ಲ ಎರೆ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು. ಚಳಿಗಾಲದ ಸಂಜೆ ಹಿತ್ತಿಲಲ್ಲಿ ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂರಬೇಕು, ಹೊಲದಿಂದ ತಂದ ಎಳೆ ಜೋಳದ ತೆನೆ ಸುಟ್ಟು ಬೆಳಸಿ (ಸುಟ್ಟ ಹಸಿ ಜೋಳದ ಕಾಳು) ತಿನ್ನಬೇಕು ಅಂತ ನನಗೆ ಬಹಳ ದಿನದ ಆಸೆ.

ಮೊದಲ ಸಲ ಒಂದೂವರೆ ಫೂಟು ಆಳದ ಕುಣಿ, ಅಂದರೆ ಬೆಂಕಿ ಹಾಕುವ ತಗ್ಗು, ತೋಡಿದೆ. ಹಳ್ಳದಿಂದ ನುಣುಪಾದ ಗುಂಡುಕಲ್ಲು ತಂದು ಸುತ್ತ ಜೋಡಿಸಿ, ಸಿಮೆಂಟ್ ಮೆತ್ತಿದೆ. ಎರಡನೇ ದಿನವೇ ಒಂದು ಕಲ್ಲು ಪಟಾಕಿಯ ಹಾಗೆ ಸಿಡಿಯಿತು. ಚೂರು ಮಗಳ ಕಾಲ ಹತ್ತಿರ ಬಂದು ಬಿತ್ತು. ಅವತ್ತು ನನ್ನ ಎದೆ ಒಡೆದಂತಾಯಿತು. ನೀರಲ್ಲೇ ಇದ್ದ ಕಲ್ಲಿನ ಸಣ್ಣ ಬಿರುಕುಗಳಲ್ಲಿ ತೇವ ಉಳಿದಿರುತ್ತದೆ. ನೀರು ಉಗಿಯಾದರೆ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಹೊರಗೆ ಹೋಗಲು ದಾರಿ ಸಿಗದಿದ್ದರೆ ಕಲ್ಲನ್ನೇ ಒಡೆಯುತ್ತದೆ. ಹಳ್ಳದ ಕಲ್ಲನ್ನು ದಯವಿಟ್ಟು ಯಾರೂ ಬೆಂಕಿಗೆ ಇಡಬೇಡಿ.

ಉಳಿದದ್ದನ್ನು ಮಳೆಗಾಲ ಕೆಡಿಸಿತು. ಕುಣಿಯಲ್ಲಿ ನೀರು ನಿಂತು ಎರೆ ಉಬ್ಬಿತು. ಬೇಸಿಗೆಗೆ ಅದೇ ಮಣ್ಣು ಬಿರಿದು, ಒಂದು ಕಡೆಯ ಗೋಡೆ ಒಳಗೆ ವಾಲಿತು. ಬೆಂಕಿ ತಾಗಿದ ಸಿಮೆಂಟ್ ಪುಡಿಪುಡಿಯಾಗಿತ್ತು. "ಎರಿ ನೆಲಾ ನಂಬಬ್ಯಾಡಪಾ, ಅದು ಉಸಿರಾಡ್ತೈತಿ" ಅಂತ ಅವ್ವ ಮೊದಲೇ ಹೇಳಿದ್ದಳು.

ಎರಡನೇ ಸಲ ಮೂರು ದಿನದ ಕೆಲಸದಲ್ಲಿ ಎರಡು ದಿನ ನೆಲಕ್ಕೇ ಹೋಯಿತು. ಗೂಟ ನೆಟ್ಟು, ಹಗ್ಗ ಕಟ್ಟಿ 6 ಫೂಟು ಅಗಲದ ವೃತ್ತ ಎಳೆದೆ. ಮನೆಗೋಡೆಯಿಂದ 15 ಫೂಟು ದೂರ. ಕಣಕಿ ಬಣವಿ (ಒಣ ಮೇವಿನ ರಾಶಿ) ಇರುವ ದಿಕ್ಕನ್ನಂತೂ ಪೂರ್ತಿ ಬಿಟ್ಟೆ, ಗಾಳಿಗೆ ಒಂದು ಕಿಡಿ ಸಾಕು ಅಲ್ವಾ? 2 ಫೂಟು ಆಳದವರೆಗೆ ಎರೆ ತೆಗೆದು ಹಾಕಿದೆ. ಅರ್ಧ ಬ್ರಾಸ್ (ಸುಮಾರು 50 ಘನ ಫೂಟು) ಗರಸು, ಅಂದರೆ ಹರಳು ಮಣ್ಣು, ತರಿಸಿದೆ. ಅದನ್ನು ಒಮ್ಮೆಲೇ ಸುರಿಯಲಿಲ್ಲ. ಅರ್ಧ ಫೂಟು ಹಾಕುವುದು, ನೀರು ಚಿಮುಕಿಸುವುದು, ಚೆನ್ನಾಗಿ ಬಡಿಯುವುದು, ಹೀಗೆ ಮೂರು ಪದರ. ಮೇಲೆ ಅರ್ಧ ಫೂಟು ಕಡಿ (ಜಲ್ಲಿಕಲ್ಲು).

ಹಾಗಾಗಿ ಕುಣಿ ಅಂತ ಕರೆದರೂ ಈಗ ಬೆಂಕಿ ಇರುವುದು ನೆಲದ ಮಟ್ಟದಲ್ಲೇ. ನಮ್ಮ ಕಡೆ ಹೀಗೆ ಮಾಡುವುದೇ ಸರಿ ಅಂತ ನನಗನ್ನಿಸುತ್ತದೆ. ಎರೆಯಲ್ಲಿ ತಗ್ಗು ಮಾಡಿದರೆ ಅದು ಕೆರೆಯೇ.

ಒಳಗಿನ ಸುತ್ತಿಗೆ ಫೈರ್ ಬ್ರಿಕ್, ಅಂದರೆ ಬೆಂಕಿ ತಡೆಯುವ ಇಟ್ಟಿಗೆ, ತಂದೆ. 9 ಇಂಚು ಉದ್ದ, ನಾಲ್ಕೂವರೆ ಅಗಲ, 3 ಇಂಚು ದಪ್ಪ. ಅಂಚಿನ ಮೇಲೆ ನಿಲ್ಲಿಸಿ ಮೂರು ಸಾಲು ಇಟ್ಟರೆ ಎತ್ತರ 1 ಫೂಟಿಗೆ ಸ್ವಲ್ಪ ಜಾಸ್ತಿ ಬರುತ್ತದೆ. ಒಳಗೆ 3 ಫೂಟು ಅಗಲ ಸಿಗಲು ಸಾಲಿಗೆ 13 ಬೇಕು. ಕೆಳಗಿನ ಸಾಲಿಗೆ 12 ಮಾತ್ರ ಇಟ್ಟು, ಉಳಿದ ಜಾಗವನ್ನು ನಾಲ್ಕು ಸಂದಿಯಾಗಿ ಹಂಚಿದೆ. ಗಾಳಿ ಅಲ್ಲಿಂದಲೇ ಒಳಗೆ ಬರಬೇಕು. ಗಾಳಿ ಸಾಲದಿದ್ದರೆ ಬರೀ ಹೊಗೆ.

ಹೊರಗಿನ ಸುತ್ತಿಗೆ ನಮ್ಮ ಕರಿಕಲ್ಲು, ಗೋಲಗುಮ್ಮಟಕ್ಕೆ ಬಳಸಿದ ಜಾತಿಯದೇ. ಒಣಗಿದ ಗಟ್ಟಿ ಕಲ್ಲನ್ನೇ ಆರಿಸಿದೆ. ಸಣ್ಣ ತೂತುಗಳಿರುವ ಕಲ್ಲು ನೀರು ಹಿಡಿಯುತ್ತದೆ, ಅದನ್ನು ಬಿಟ್ಟೆ. ಇಟ್ಟಿಗೆಗೂ ಕಲ್ಲಿಗೂ ನಡುವೆ ಒಂದು ಬೆರಳು ಅಂತರವಿದೆ. ಬಿಸಿಗೆ ಇಟ್ಟಿಗೆ ಹಿಗ್ಗಿದರೂ ಕಲ್ಲನ್ನು ತಳ್ಳುವುದಿಲ್ಲ. ಗಾಳಿಯ ಸಂದಿಗಳ ಎದುರು ಕಲ್ಲಿನಲ್ಲೂ ಜಾಗ ಬಿಟ್ಟಿದ್ದೇನೆ. ಎಲ್ಲೂ ಸಿಮೆಂಟ್ ಇಲ್ಲ, ಸುಮ್ನೆ ಜೋಡಿಸಿದ್ದು. ನೆಲ ಸ್ವಲ್ಪ ಅಲುಗಿದರೆ ಒಂದು ಕಲ್ಲು ಎತ್ತಿ ಮತ್ತೆ ಕೂರಿಸಿದರಾಯಿತು.

ಮೊದಲ ಮೂರು ದಿನ ಸಣ್ಣ ಬೆಂಕಿ ಮಾತ್ರ ಹಾಕಿದೆ, ಒಳಗಿನ ತೇವ ನಿಧಾನ ಹೋಗಲಿ ಅಂತ. ಸೌದೆಗೆ ಒಣ ಜಾಲಿ ಕಟ್ಟಿಗೆ, ಹೊತ್ತಿಸಲು ತೊಗರಿ ಕಟ್ಟಿಗೆ. ಬಣ್ಣ ಬಳಿದ ಹಲಗೆ, ಪ್ಲೈವುಡ್ ತುಂಡು ನಾನು ಹಾಕುವುದಿಲ್ಲ. ಆ ಹೊಗೆ ಮಕ್ಕಳಿಗೆ ಕೆಟ್ಟದ್ದು. ಪಕ್ಕದಲ್ಲಿ ಎರಡು ಕೊಡ ನೀರು ಯಾವಾಗಲೂ ಇರುತ್ತದೆ. ಮಳೆಗಾಲಕ್ಕೆ ಮೇಲೆ ತಗಡು ಮುಚ್ಚುತ್ತೇನೆ.

ಒಂದು ಮಳೆಗಾಲ ಕಳೆಯಿತು. ಮಟ್ಟಗೋಲು ಇಟ್ಟು ನೋಡಿದೆ, ಗುಳ್ಳೆ ನಡುವೆಯೇ ನಿಂತಿತು. ಜನವರಿಯಲ್ಲಿ ಬೆಳಸಿ ಸುಟ್ಟೆವು. ಅದಕ್ಕೆ ಮಾತ್ರ ಕಟ್ಟಿಗೆ ಅಲ್ಲ, ಕುಳ್ಳಿನ (ಬೆರಣಿಯ) ಕೆಂಡವೇ ಬೇಕು ಅಂತ ಅವ್ವನ ಹಟ. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಶೇಂಗಾ ಹಿಂಡಿ (ಚಟ್ನಿಪುಡಿ) ಹಚ್ಚಿ ಎಲ್ಲರಿಗೂ ಅವಳೇ ಕೊಟ್ಟಳು.