ಕ್ಲಬ್‌ಗೆ ಬಿದ್ದ ದಂಡ ನ್ಯಾಯವೇ? ಆದೇಶ ಓದುವ ಬಗೆ

ಪೀಣ್ಯದ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಆರೋಪ ಪಟ್ಟಿ ಬರೆದವನು ನಾನು. ಸಂಜೆ ಪಂದ್ಯವಿದ್ದರೆ ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ತೊಟ್ಟು ಕಂಠೀರವಕ್ಕೆ ಓಡುವವನೂ ನಾನೇ. ಹಾಗಾಗಿ ಯಾವುದಾದರೂ ಫುಟ್‌ಬಾಲ್ ಕ್ಲಬ್‌ಗೆ ದಂಡ ಬಿತ್ತೆಂದರೆ ನೆಂಟರಿಷ್ಟರು ನನ್ನನ್ನು ಕೇಳುತ್ತಾರೆ: ಇದು ನ್ಯಾಯವೇ? ಆದೇಶ ಓದದೆ ನಾನು ಬಾಯಿ ಬಿಡುವುದಿಲ್ಲ. ಓದುವ ಬಗೆ ಹೀಗೆ.

ಮೊದಲು ಅಂಗಿ ಕಳಚಿಡಿ. 2023ರ ಮಾರ್ಚ್ 3ರ ರಾತ್ರಿ, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಕೇರಳದವರು ಚೆಂಡು ತಡೆಯಲು ಆಟಗಾರರ ಗೋಡೆಯನ್ನು ಇನ್ನೂ ಜೋಡಿಸುತ್ತಿದ್ದಾಗಲೇ ನಮ್ಮ ಸುನಿಲ್ ಛೆಟ್ರಿ ಫ್ರೀ ಕಿಕ್ ಒದ್ದು ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನು ಒಳಗೆ ಕರೆದುಕೊಂಡು ಹೋದರು, ತಂಡ ಮರಳಲಿಲ್ಲ. ಓಟದ ಟ್ರ್ಯಾಕ್‌ನಿಂದಾಚೆ ಕುಳಿತ ನಮಗೆ, ಒದೆಯಲು ರೆಫರಿ ಒಪ್ಪಿದ್ದರೋ ಇಲ್ಲವೋ ಎಂಬುದು ಕೇಳಿಸುವ ಪ್ರಶ್ನೆಯೇ ಇರಲಿಲ್ಲ. ಆದರೂ ನಾನು ‘ಸರಿಯಾದ ಗೋಲು’ ಎಂದು ಗಂಟಲು ಹರಿಯುವಂತೆ ಕೂಗಿದೆ. ಆ ಗಂಟಲಿನಿಂದ ತೀರ್ಪು ಹೇಳಬಾರದು.

ಆಮೇಲೆ ಆರೋಪದ ವಾಕ್ಯವನ್ನು ಹುಡುಕಿ, ಅದರ ಕೆಳಗೆ ಗೆರೆ ಎಳೆಯಿರಿ. ಬ್ಲಾಸ್ಟರ್ಸ್ ಮೇಲಿದ್ದ ಆರೋಪ ಪಂದ್ಯವನ್ನು ಅರ್ಧಕ್ಕೆ ಬಿಟ್ಟು ಹೋದದ್ದು. ಗೋಲು ಸರಿಯೋ ತಪ್ಪೋ ಎಂಬುದು ಬೇರೆಯೇ ಕಡತ. ಪಂದ್ಯ ಮತ್ತೆ ಆಡಿಸಿ ಎಂಬ ಅವರ ಬೇಡಿಕೆ ಮೊದಲೇ ವಜಾ ಆಗಿತ್ತು. ಹರಟೆಯ ಮುಕ್ಕಾಲು ಪಾಲು ಈ ಎರಡು ಕಡತಗಳನ್ನು ಬೆರೆಸುವುದರಿಂದಲೇ ಹುಟ್ಟುತ್ತದೆ.

ಇನ್ನು ಶಿಕ್ಷೆಯ ಪ್ರಮಾಣ. ತಪ್ಪು ಸಾಬೀತಾದ ಮಾತ್ರಕ್ಕೆ ಶಿಕ್ಷೆ ಸರಿಯಾಗಿಬಿಡುವುದಿಲ್ಲ. ನಿಯಮ ಹೇಳುವ ಅಂಕಿಯನ್ನೂ ಸಮಿತಿ ಬರೆದ ಅಂಕಿಯನ್ನೂ ಅಕ್ಕಪಕ್ಕ ಇಡಿ. ಪಂದ್ಯ ಬಿಟ್ಟು ಹೋದವರಿಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಂಹಿತೆ ಕನಿಷ್ಠ 6 ಲಕ್ಷ ರೂಪಾಯಿ ದಂಡ ಎನ್ನುತ್ತಿತ್ತು. ಬ್ಲಾಸ್ಟರ್ಸ್‌ಗೆ ಫೆಡರೇಷನ್ನಿನ ಶಿಸ್ತು ಸಮಿತಿ ಹಾಕಿದ್ದು 4 ಕೋಟಿ, ಬಹಿರಂಗವಾಗಿ ಕ್ಷಮೆ ಕೇಳದಿದ್ದರೆ 6 ಕೋಟಿ. ಕೋಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ದಂಡ. ಕನಿಷ್ಠದಿಂದ ಇಷ್ಟು ಮೇಲೇರಲು ಕಾರಣ ಕೊಟ್ಟಿದ್ದಾರೆಯೇ ಎಂದು ನೋಡಿ. ಹಳೆಯ ಪ್ರಕರಣವನ್ನೂ ತೆಗೆಯಿರಿ: 2012ರ ಡಿಸೆಂಬರ್‌ನಲ್ಲಿ ಕೋಲ್ಕತ್ತ ಡರ್ಬಿಯಲ್ಲಿ, ಅಂದರೆ ಒಂದೇ ಊರಿನ ಎರಡು ಕ್ಲಬ್‌ಗಳ ಪಂದ್ಯದಲ್ಲಿ, ಮೋಹನ್ ಬಾಗಾನ್ ವಿರಾಮದ ನಂತರ ಕಣಕ್ಕಿಳಿಯಲಿಲ್ಲ. ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನಿಂದ ಮೊದಲು ನಿಷೇಧ, ಮರುತಿಂಗಳೇ ಅದು ರದ್ದಾಗಿ 2 ಕೋಟಿ ದಂಡ ಮತ್ತು ಅಂಕಗಳೆಲ್ಲ ಸೊನ್ನೆ.

ನಾನು ಹೆಚ್ಚು ಹೊತ್ತು ಕೂರುವುದು ಮುಂದಿನ ಪ್ರಶ್ನೆಯ ಮೇಲೆ: ತಪ್ಪು ಯಾರದು, ಪೆಟ್ಟು ಯಾರ ಬೆನ್ನಿಗೆ? ನಮ್ಮ ಕಾರ್ಖಾನೆಯಲ್ಲಿ ಒಮ್ಮೆ ಒಬ್ಬ ಫೋರ್‌ಮನ್ ಮಾಡಿದ ರಂಪಕ್ಕೆ ರಾತ್ರಿ ಪಾಳಿಯವರ ಪ್ರೋತ್ಸಾಹಧನವನ್ನೇ ಕಡಿತ ಮಾಡಿದರು. ಆ ಕಡತಕ್ಕೆ ಟಿಪ್ಪಣಿ ಬರೆದ ಕೈ ನನ್ನದೇ, ಈಗಲೂ ಕೊರೆಯುತ್ತದೆ.

2015ರ ಐಎಸ್‌ಎಲ್ ಫೈನಲ್ ಅದೇ ಜಾತಿಯದು. ಗೋವಾದ ಫತೋರ್ಡಾದಲ್ಲಿ ಎಫ್‌ಸಿ ಗೋವಾ ಕೊನೆಯ ನಿಮಿಷಗಳಲ್ಲಿ ಚೆನ್ನೈಯಿನ್‌ಗೆ 3-2ರಿಂದ ಸೋತಿತು. ಸಮಬಲದ ಗೋಲು ಗೋವಾದ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿಯವರಿಂದ ತಮ್ಮದೇ ಬಲೆಗೆ ಸೇರಿದ ಸ್ವಂತ ಗೋಲು. ಪಂದ್ಯ ಮುಗಿದ ಮೇಲೆ ಜಗಳ, ಗೋವಾದ ಸಹಮಾಲೀಕರ ದೂರಿನ ಮೇಲೆ ಚೆನ್ನೈಯಿನ್ ನಾಯಕ ಎಲಾನೊ ಬಂಧನ, ಗೋವಾ ಪ್ರಶಸ್ತಿ ಸಮಾರಂಭಕ್ಕೇ ಬರಲಿಲ್ಲ. 2016ರಲ್ಲಿ ಲೀಗ್‌ನ ಆಯೋಗ ಗೋವಾದ ಸಹಮಾಲೀಕರಾದ ದತ್ತರಾಜ ಸಾಳಗಾಂವಕರರಿಗೆ ಮೂರು, ಶ್ರೀನಿವಾಸ ಧೆಂಪೆಯವರಿಗೆ ಎರಡು ಋತುಗಳ ನಿಷೇಧ ಹೇರಿತು. ಕ್ಲಬ್‌ಗೆ ಸುಮಾರು 11 ಕೋಟಿ ದಂಡ. ಜೊತೆಗೆ ಮುಂದಿನ ಋತುವಿನಲ್ಲಿ 15 ಅಂಕ ಕಡಿತ!

ಇಲ್ಲಿ ಪೆನ್ಸಿಲ್ ಹಿಡಿಯಿರಿ. ಆಗ ಲೀಗ್ ಹಂತದಲ್ಲಿ ತಂಡಕ್ಕೆ 14 ಪಂದ್ಯ. 15 ಅಂಕವೆಂದರೆ ಐದು ಗೆಲುವು. 2015ರಲ್ಲಿ ಪಟ್ಟಿಯ ಮೊದಲ ಸ್ಥಾನದಲ್ಲಿದ್ದಾಗ ಗೋವಾ ಗಳಿಸಿದ್ದು 25. ಅದರಲ್ಲಿ 15 ಕಳೆದರೆ 10. ಮಾಲೀಕರ ನಡತೆಗೆ ಮುಂದಿನ ವರ್ಷ ಹೊಸದಾಗಿ ಸೇರುವ ಹುಡುಗನ ಕಾಲಿನಿಂದ ವಸೂಲಿ. ಮಾಲೀಕರ ನಿಷೇಧ ನನಗೆ ಅರ್ಥವಾಗುತ್ತದೆ, ಕ್ಲಬ್‌ನ ದಂಡವೂ ಆಗುತ್ತದೆ. ಅಂಕ ಕಡಿತ ಅರ್ಥವಾಗಲಿಲ್ಲ.

ಅಂಕ ಕಡಿತವೇ ಕೆಟ್ಟದ್ದೆಂದು ಮಾತ್ರ ತಿಳಿಯಬೇಡಿ. ಮಿತಿ ಮೀರಿ ಖರ್ಚು ಮಾಡಿ ಬಲಿಷ್ಠ ತಂಡ ಕಟ್ಟಿದವರು ಮೈದಾನದಲ್ಲೇ ಲಾಭ ಪಡೆದಿರುತ್ತಾರೆ. ಅದನ್ನು ಮೈದಾನದಲ್ಲೇ ಕಳೆಯುವುದು ಸರಿ. ಎವರ್ಟನ್‌ಗೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 2023ರ ನವೆಂಬರ್‌ನಲ್ಲಿ 10 ಅಂಕ ಹೋದದ್ದು ಆ ಬಗೆಯ ಪ್ರಕರಣ.

ಕೊನೆಗೆ ಮೇಲ್ಮನವಿ. ಅದಕ್ಕೆ ಮೊದಲು ಷರಾ ಬರೆಯಬೇಡಿ. ಎವರ್ಟನ್‌ನ 10 ಅಂಕ 2024ರ ಫೆಬ್ರವರಿಯಲ್ಲಿ 6ಕ್ಕೆ ಇಳಿಯಿತು. ಗೋವಾದ ಅಂಕ ಕಡಿತವೂ ಮಾಲೀಕರ ನಿಷೇಧವೂ ಹೋಗಿ 6 ಕೋಟಿ ದಂಡ ಉಳಿಯಿತು. ಬ್ಲಾಸ್ಟರ್ಸ್ ಮನವಿಯನ್ನು ಫೆಡರೇಷನ್ನಿನ ಮೇಲ್ಮನವಿ ಸಮಿತಿ ತಳ್ಳಿಹಾಕಿತು.

ಷರಾ ಬರೆಯುವ ಮುನ್ನ ನಾನು ಒಂದು ಕೆಲಸ ಮಾಡುತ್ತೇನೆ: ಆದೇಶದಲ್ಲಿ ಕ್ಲಬ್‌ನ ಹೆಸರು ಹೊಡೆದು ನನ್ನ ಕ್ಲಬ್‌ನ ಹೆಸರು ಬರೆದು ಮತ್ತೆ ಓದುತ್ತೇನೆ. ಕೇರಳದ ಪ್ರಕರಣವನ್ನು ಹಾಗೆ ಓದಿದಾಗ ತಪ್ಪು ತಪ್ಪಾಗಿಯೇ ಉಳಿಯಿತು, ಕೋಚ್‌ನ 10 ಪಂದ್ಯವೂ ಉಳಿಯಿತು. 4 ಕೋಟಿಯ ಎದುರು ಮಾತ್ರ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ, ಅದನ್ನು ಇನ್ನೂ ಅಳಿಸಿಲ್ಲ.