ಮರದ ಹೆಸರು ಕೇಳುವ ಮೊದಲು ತುದಿ ನೋಡಿ

ಕಳೆದ ಬೇಸಿಗೆಯಲ್ಲಿ ಮೊಮ್ಮಗ ದಾವಣಗೆರೆಯ ಗುಜರಿ ಅಂಗಡಿಯೊಂದರಿಂದ ಒಂದು ಆಟೋ ತುಂಬ ಹಲಗೆ ತಂದು ಅಂಗಳದಲ್ಲಿ ಇಳಿಸಿದ. ಹೊರದೇಶದಿಂದ ಯಂತ್ರ ತುಂಬಿಕೊಂಡು ಬಂದ ಪೆಟ್ಟಿಗೆಗಳನ್ನು ಬಿಚ್ಚಿದ ಮರವಂತೆ, ಪುಸ್ತಕದ ಕಪಾಟು ಮಾಡಿಸಬೇಕಂತೆ. ಅಂಗಡಿಯವನು ‘ಫಾರಿನ್ ತೇಗ’ ಎಂದು ಹೇಳಿ ಕೊಟ್ಟಿದ್ದ. ನಾನು ಒಂದು ಹಲಗೆ ಎತ್ತಿ ನೋಡಿದೆ. ಎಪ್ಪತ್ತು ದಾಟಿದ ನನ್ನ ಒಂದೇ ಕೈಗೆ ಅದು ಸಲೀಸಾಗಿ ಬಂತು. ತೇಗದ ಮಾತು ಅಲ್ಲಿಗೇ ಮುಗಿಯಿತು.

ನಾನು ಬಡಗಿಯ ಮಗಳು. ಹೊಳಲ್ಕೆರೆಯ ಕಡೆ ಅಪ್ಪ ಬಂಡಿಗಾಲಿ, ನೇಗಿಲು, ಬಾಗಿಲುವಾಡ ಮಾಡುತ್ತಿದ್ದರು. ಮರದ ಮೈ ನೋಡಿ ಹೆಸರು ಹೇಳುವವನಿಗೆ ಅವರು ಕೆಲಸ ಕೊಡುತ್ತಿರಲಿಲ್ಲ. ಮೈಗೆ ಬಣ್ಣ ಬಳಿಯಬಹುದು, ತುದಿಗೆ ಸುಳ್ಳು ಹೇಳಲು ಬಾರದು ಎನ್ನುತ್ತಿದ್ದರು. ಹಾಗಾಗಿ ಮೊದಲು ಹಲಗೆಯ ಅಡ್ಡ ಕೊಯ್ದ ತುದಿಯನ್ನು ಹೊಸ ಬ್ಲೇಡಿನಿಂದ ತೆಳ್ಳಗೆ ಹೆರೆಯಿರಿ. ಗರಗಸ ಎಳೆದ ಮುಖದಲ್ಲಿ ಎಳೆಗಳು ಜಜ್ಜಿಹೋಗಿ ಏನೂ ಕಾಣುವುದಿಲ್ಲ. ಹೆರೆದ ಮೇಲೆ ಒಂದು ತೊಟ್ಟು ನೀರು ಸವರಿ, ಗಡಿಯಾರ ರಿಪೇರಿಯವರು ಕಣ್ಣಿಗೆ ಹಿಡಿಯುವಂಥ ಹತ್ತು ಪಟ್ಟಿನ ಮಸೂರದಲ್ಲಿ ನೋಡಿ.

ತೇಗ, ಬೇವು, ಹಲಸು, ಮತ್ತಿ, ಹೊನ್ನೆ ಯಾವುದೇ ಆಗಲಿ, ತುದಿಯಲ್ಲಿ ಸೂಜಿ ಚುಚ್ಚಿದಂಥ ರಂಧ್ರಗಳು ಕಾಣುತ್ತವೆ. ಅವು ನೀರು ಮೇಲೇರುವ ಕೊಳವೆಗಳ ಬಾಯಿ. ಪೈನ್, ಸ್ಪ್ರೂಸ್, ಫರ್, ದೇವದಾರುಗಳಂಥ ಸೂಚಿಪರ್ಣಿ, ಅಂದರೆ ಸೂಜಿಯೆಲೆಯ ಮರಗಳಲ್ಲಿ ಆ ಕೊಳವೆಗಳೇ ಇಲ್ಲ. ಇಡೀ ಮುಖ ಒತ್ತಾಗಿ ನೇಯ್ದ ಬಟ್ಟೆಯ ಹಾಗೆ ನುಣ್ಣಗಿರುತ್ತದೆ. ಅದರ ಮೇಲೆ ತಿಳಿಬಣ್ಣದ ಅಗಲ ಪಟ್ಟಿ, ಪಕ್ಕದಲ್ಲೇ ಗಾಢಬಣ್ಣದ ಕಿರಿದಾದ ಪಟ್ಟಿ, ಹೀಗೆ ವರ್ಷಕ್ಕೊಂದು ಉಂಗುರ. ತೇಗಕ್ಕೂ ಉಂಗುರವಿದೆಯಲ್ಲ ಎಂದು ಮೊಮ್ಮಗ ವಾದಕ್ಕೆ ಬಂದ. ಇದೆ, ಆದರೆ ಅಲ್ಲಿ ಉಂಗುರದ ಉದ್ದಕ್ಕೂ ದೊಡ್ಡ ರಂಧ್ರಗಳ ಸಾಲಿರುತ್ತದೆ.

ಸೂಚಿಪರ್ಣಿಗಳಿಗೆ ಮೆದುಮರ, ರಂಧ್ರವಿರುವ ಮರಗಳಿಗೆ ಗಟ್ಟಿಮರ ಎನ್ನುತ್ತಾರೆ. ಆ ಹೆಸರು ಕೇಳಿ ಮೋಸಹೋಗಬೇಡಿ. ಬೂರುಗದ ಮರಕ್ಕೆ ಉಗುರು ಒತ್ತಿದರೆ ಗುರುತು ಬೀಳುತ್ತದೆ, ಆದರೂ ಸಸ್ಯಶಾಸ್ತ್ರದವರ ಲೆಕ್ಕದಲ್ಲಿ ಅದು ಗಟ್ಟಿಮರ. ಸರ್ವೆ ಮರದ ಸೂಜಿಯಂಥ ಎಲೆ ನೋಡಿ ಪೈನ್ ಎಂದವರಿದ್ದಾರೆ. ಅದೂ ಗಟ್ಟಿಮರವೇ, ಕೊಡಲಿಯ ಬಾಯಿ ಮುರಿಯುವಷ್ಟು ಗಟ್ಟಿ. ಕಾಫಿತೋಟಗಳಿಂದ ಬರುವ ಸಿಲ್ವರ್ ಓಕ್ ಹಲಗೆಯನ್ನೂ ‘ಪೈನ್’ ಎಂದು ಮಾರುವುದುಂಟು. ಅದನ್ನು ಹಿಡಿಯುವುದು ಸುಲಭ: ತಿರುಳಿನಿಂದ ತೊಗಟೆಯ ಕಡೆಗೆ ಸೀಳಿದ ಹಲಗೆಯ ಮೇಲೆ ಮೀನಿನ ಹುರುಪೆಯಂತೆ ಮಿನುಗುವ ಅಗಲ ಮಚ್ಚೆಗಳಿರುತ್ತವೆ. ಪೈನಿನಲ್ಲಿ ಅಂಥ ಮಚ್ಚೆ ಬರಿಗಣ್ಣಿಗೆ ಕಾಣುವುದೇ ಇಲ್ಲ.

ಸೂಚಿಪರ್ಣಿ ಎಂದು ಗೊತ್ತಾದ ಮೇಲೆ ರಾಳ ಹುಡುಕಿ. ಉಂಗುರದ ಗಾಢ ಪಟ್ಟಿಯ ಸುತ್ತಮುತ್ತ ಬಿಳಿಯ ಅಥವಾ ಕಂದು ಚುಕ್ಕಿಗಳು ಅಲ್ಲಲ್ಲಿ ಕಂಡರೆ ಅವು ರಾಳದ ನಾಳಗಳು. ಹಲಗೆಯ ಮೈಮೇಲೆ ಅವೇ ಪೆನ್ಸಿಲಿನಿಂದ ಎಳೆದ ಸಣ್ಣ ಗೀಟುಗಳಾಗಿ ಕಾಣುತ್ತವೆ. ಧಾರಾಳವಾಗಿದ್ದರೆ ಪೈನ್. ಹುಡುಕಿ ಹುಡುಕಿ ಸಿಕ್ಕರೆ ಸ್ಪ್ರೂಸ್ ಇರಬಹುದು. ಫರ್ ಮರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಚೇಗನ್ನೂ, ಅಂದರೆ ಕಾಂಡದ ಒಳಮರವನ್ನೂ ನೋಡಿ: ಪೈನಿನ ಚೇಗು ಹೊರಪದರಕ್ಕಿಂತ ಕೆಂಪಗಿರುತ್ತದೆ, ಸ್ಪ್ರೂಸಿನಲ್ಲಿ ಒಳಗೂ ಹೊರಗೂ ಒಂದೇ ಬಿಳಿ. ಗಂಟುಗಳು ಒಂದೇ ಮಟ್ಟದಲ್ಲಿ ಗುಂಪಾಗಿದ್ದು ನಡುವೆ ಉದ್ದಕ್ಕೆ ಖಾಲಿ ಮರವಿದ್ದರೆ ಪೈನ್ ಎನ್ನಲು ಇನ್ನೊಂದು ಸಾಕ್ಷಿ. ಸ್ಪ್ರೂಸಿನಲ್ಲಿ ಆ ಖಾಲಿ ಜಾಗದಲ್ಲೂ ಚಿಕ್ಕ ಗಂಟುಗಳು ಹರಡಿರುತ್ತವೆ.

ವಾಸನೆಯನ್ನು ಕೀಸುಳಿ ಆಡಿಸಿದ ಹೊಸ ಮೈಯಲ್ಲೇ ನೋಡಬೇಕು. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ದೇವದಾರು ಎಂದು ನಂಬಿಸಿ ಒಬ್ಬರು ಮಾರಿದ ದೇವರ ಮಂಟಪ ಎರಡು ತಿಂಗಳು ಘಮಘಮಿಸಿತು, ಆಮೇಲೆ ಸುಮ್ಮನಾಯಿತು. ಅಡಿಭಾಗವನ್ನು ಕೀಸಿ ನೋಡಿದರೆ ಬರೀ ಮರ. ಪರಿಮಳವಿದ್ದದ್ದು ಪಾಲಿಷಿನಲ್ಲಿ! ನಿಜವಾದ ದೇವದಾರುವಿನಲ್ಲಿ ಎಣ್ಣೆಯಂಶವಿರುತ್ತದೆ, ಹಳೆಯ ತುಂಡನ್ನು ಕೀಸಿದರೂ ಕಂಪು ಏಳುತ್ತದೆ.

ತೂಕಕ್ಕೆ ಅಡುಗೆಮನೆಯ ತಕ್ಕಡಿ ಸಾಕು. ಇಪ್ಪತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲ, ಎರಡು ದಪ್ಪದ ತುಂಡೆಂದರೆ 400 ಘನ ಸೆಂಟಿಮೀಟರ್. ನಮ್ಮ ಹಲಗೆಯಿಂದ ಕೊಯ್ದದ್ದು 190 ಗ್ರಾಂ ತೂಗಿತು. ಭಾಗಿಸಿದರೆ ಘನ ಸೆಂಟಿಮೀಟರಿಗೆ ಅರ್ಧ ಗ್ರಾಮಿಗಿಂತ ಸ್ವಲ್ಪ ಕಡಿಮೆ. ಒಣಗಿದ ತೇಗ ಸುಮಾರು 0.65ರ ಹತ್ತಿರ ಬರುತ್ತದೆ. ಮಳೆಯಲ್ಲಿ ನೆನೆದ ಹಲಗೆ ತೂಗಿ ನನ್ನನ್ನು ದೂರಬೇಡಿ, ನಮ್ಮೂರಿನ ಏಪ್ರಿಲ್ ಸೆಕೆಗೆ ಒಂದೆರಡು ವಾರ ನೆರಳಲ್ಲೇ ಒಣಗಲಿ.

ಪೆಟ್ಟಿಗೆ ಮರದಲ್ಲಿ ಮುದ್ರೆ ಹುಡುಕುವುದನ್ನು ಮಾತ್ರ ಮರೆಯಬೇಡಿ. ತೆನೆಯ ಚಿತ್ರ, ದೇಶದ ಎರಡಕ್ಷರ, ಒಂದು ಸಂಖ್ಯೆ, ಕೊನೆಗೆ ಎಚ್‌ಟಿ ಅಥವಾ ಎಂಬಿ. ಎಚ್‌ಟಿ ಎಂದರೆ ಹುಳ ಸಾಯಲೆಂದು ಮರದ ಒಡಲೊಳಗೆ 56 ಡಿಗ್ರಿ ಬಿಸಿಯನ್ನು 30 ನಿಮಿಷ ತಾಗಿಸಿದ್ದಾರೆಂದು ಅರ್ಥ, ಇದಕ್ಕೆ ಅಂಜಬೇಕಿಲ್ಲ. ಎಂಬಿ ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದು. ಅಡುಗೆಮನೆ, ಮಗುವಿನ ತೊಟ್ಟಿಲು, ಒಲೆ ಯಾವುದಕ್ಕೂ ನಾನು ಅದನ್ನು ಬಳಸುವುದಿಲ್ಲ. ಎರಡಕ್ಷರ ಹೇಳುವುದು ಮುದ್ರೆ ಬಿದ್ದ ದೇಶವನ್ನು, ಮರ ಬೆಳೆದ ಕಾಡನ್ನಲ್ಲ. ನಮ್ಮ ಹಲಗೆಗಳಲ್ಲಿ ನ್ಯೂಜಿಲೆಂಡಿನ ಎನ್‌ಜೆಡ್ ಇತ್ತು. ಅಲ್ಲಿ ನೆಟ್ಟು ಬೆಳೆಸುವುದು ಬಹುಪಾಲು ರೇಡಿಯೇಟಾ ಪೈನ್. ಅಗಲ ಉಂಗುರ, ಚುಕ್ಕಿ, ತೂಕ ಎಲ್ಲವೂ ಅದಕ್ಕೆ ಹೊಂದಿದವು. ಖಚಿತ ಹೆಸರೇ ಬೇಕೆಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕಾಷ್ಠ ವಿಜ್ಞಾನ ಸಂಸ್ಥೆಯವರು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ. ಕಪಾಟಿಗೆ ಅಷ್ಟು ದೂರ ಹೋಗುವ ಅಗತ್ಯವಿರಲಿಲ್ಲ.

ಪೈನ್ ಎಂದು ತಿಳಿದದ್ದರಿಂದ ಎರಡು ಕೆಲಸ ಹುಟ್ಟಿದವು. ಬೇಸಿಗೆಯಲ್ಲಿ ಗಂಟುಗಳಿಂದ ರಾಳ ಒಸರಿ ಪಾಲಿಷ್ ಅಂಟಂಟಾಗುತ್ತದೆ, ಆದ್ದರಿಂದ ಗಂಟಿನ ಮೇಲೆ ಮೊದಲು ಅರಗಿನ ಪಾಲಿಷ್ ಎರಡು ಕೈ ಹೊಡೆಸಿದೆ. ಗೆದ್ದಲಿಗೆ ಈ ಮರ ಹಬ್ಬದೂಟವಾದ್ದರಿಂದ ಕಪಾಟಿನ ಕಾಲುಗಳು ನೆಲ ಮುಟ್ಟದಂತೆ ಕಲ್ಲಿನ ಬಿಲ್ಲೆ ಇಡಿಸಿದೆ. ಮುದ್ರೆಯಿಲ್ಲದ ಎರಡು ಹಲಗೆ ಉಳಿದಿವೆ, ಅವುಗಳಲ್ಲಿ ಚುಕ್ಕಿಯೂ ಇಲ್ಲ, ವಾಸನೆಯೂ ಇಲ್ಲ. ಹಿತ್ತಿಲಲ್ಲಿ ಹೀರೇಬಳ್ಳಿಯ ಚಪ್ಪರಕ್ಕೆ ಆಸರೆಯಾಗಿ ನಿಲ್ಲಿಸಿದ್ದೇನೆ. ಮೊಮ್ಮಗ ಅವುಗಳ ಮೇಲೂ ಕಣ್ಣಿಟ್ಟಿದ್ದಾನೆ.