ಇನ್ನೊಬ್ಬರ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರುವುದು ಹೇಗೆ?

ಕಾಲೇಜು ಅಧ್ಯಾಪಕರಿಗೆ ತರಬೇತಿ ಎಂದರೆ ಈಗ ಕಣ್ಣಿಗೆ ಬರುವುದು ಒಂದೇ ಚಿತ್ರ. ಲ್ಯಾಪ್‌ಟಾಪಿನಲ್ಲಿ ಯಾರೋ ಮಾತಾಡುತ್ತಿರುತ್ತಾರೆ. ನಮ್ಮ ಕ್ಯಾಮೆರಾ ಆಫ್. ಪಕ್ಕದಲ್ಲಿ ಇಂಟರ್ನಲ್ ಪರೀಕ್ಷೆಯ ಪೇಪರ್ ಕಟ್ಟು. ಕೊನೆಯ ಹತ್ತು ನಿಮಿಷಕ್ಕೆ ಫೀಡ್‌ಬ್ಯಾಕ್ ಲಿಂಕ್ ಬರುತ್ತದೆ, ತುಂಬಿಸಿದರೆ ಸರ್ಟಿಫಿಕೇಟು. 2020ರ ಲಾಕ್‌ಡೌನಿನಲ್ಲಿ ಹೀಗೆ ಕೂಡಿಹಾಕಿದ ಹದಿನೇಳು ಸರ್ಟಿಫಿಕೇಟು ನನ್ನ ಫೈಲಿನಲ್ಲೂ ಇವೆ. ಪಾಠ ಮಾತ್ರ ಹಳೇ ಪಾಠವೇ.

ನನಗೆ ನಿಜವಾಗಿ ಉಪಕಾರವಾದದ್ದು ಬೇರೆ. ಸಹೋದ್ಯೋಗಿಯ ಕ್ಲಾಸಿನಲ್ಲಿ ಹೋಗಿ ಕೂತದ್ದು, ಅವರು ಬಂದು ನನ್ನ ಕ್ಲಾಸಿನಲ್ಲಿ ಕೂತದ್ದು. ಒಂದು ರೂಪಾಯಿ ಖರ್ಚಿಲ್ಲ. 2024ರ ಜುಲೈಯಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾದ ಮೇಲೆ ನಮ್ಮ ಕಾಸರಗೋಡು ಕಡೆಯ ಕಾಲೇಜುಗಳಲ್ಲೂ ಬೇರೆ ಬೇರೆ ಮೇಜರ್‌ನ (ಅಂದರೆ ಮುಖ್ಯ ವಿಷಯದ) ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಇಪ್ಪತ್ತು ವರ್ಷ ಕೆಮಿಸ್ಟ್ರಿ ಮಕ್ಕಳಿಗಷ್ಟೇ ಕೆಮಿಸ್ಟ್ರಿ ಹೇಳಿದ ನನ್ನಂಥವರಿಗೆ ಇದು ಹೊಸ ಕಷ್ಟ. ಹಾಗಾಗಿ ಈ ಕೆಲಸ ಈಗ ಜಾಸ್ತಿ ಬೇಕು. ಆದರೆ ಇದನ್ನು ಕೆಡಿಸುವವರನ್ನೂ ಬೇಕಾದಷ್ಟು ನೋಡಿದ್ದೇನೆ. ನಾನೂ ಕೆಡಿಸಿದವನೇ.

ಮೊದಲ ಹೆಜ್ಜೆ: ಜೊತೆ ಹುಡುಕುವುದು. ಬೇರೆ ಡಿಪಾರ್ಟ್‌ಮೆಂಟಿನವರೇ ಆಗಬೇಕು. ಇದರಲ್ಲಿ ನನ್ನದು ರಾಜಿ ಇಲ್ಲ. ನಿಮ್ಮದೇ ಸಬ್ಜೆಕ್ಟ್ ಆದರೆ ಐದು ನಿಮಿಷಕ್ಕೆ ನೀವು ಪಾಠದ ತಪ್ಪು ಹುಡುಕಲು ಶುರು ಮಾಡುತ್ತೀರಿ, ಮಕ್ಕಳ ಮುಖ ನೋಡುವುದು ಮರೆತುಹೋಗುತ್ತದೆ. ಎಚ್‌ಒಡಿ ಅಥವಾ ಪ್ರಿನ್ಸಿಪಾಲರನ್ನು ಜೊತೆ ಮಾಡಿಕೊಳ್ಳಬೇಡಿ. ಪ್ರಮೋಷನ್ ಕಾಗದಕ್ಕೆ ಸಹಿ ಹಾಕುವವರು ಹಿಂದೆ ಕೂತರೆ ಯಾರ ಗಂಟಲಾದರೂ ಒಣಗುತ್ತದೆ.

ಎರಡನೆಯದು: ಹಿಂದಿನ ದಿನ ಹತ್ತು ನಿಮಿಷ ಮಾತು. ಕೇಳಬೇಕಾದ್ದು ಇಷ್ಟೇ: “ಟೀಚರೇ, ನಾನು ಏನು ನೋಡಲಿ?” ಉತ್ತರ ಒಂದೇ ಇರಲಿ. “ಹಿಂದಿನ ಬೆಂಚಿನವರು ಯಾಕೆ ಬಾಯಿ ಬಿಡುವುದಿಲ್ಲ ನೋಡಿ ಸರ್” ಎಂದರೆ ಸಾಕು. “ಎಲ್ಲಾ ನೋಡಿ” ಎಂದರೆ ಒಪ್ಪಬೇಡಿ.

ಮೂರನೆಯದು: ಬೆಲ್ಲಿಗೆ ಮೊದಲೇ ಹೋಗಿ ಹಿಂದೆ ಕೂರಿ. ಫೋನು ಬ್ಯಾಗಿನಲ್ಲಿರಲಿ. ಪೆರ್ಲ, ಮುಳ್ಳೇರಿಯಾ ಕಡೆಯ ಬಸ್ಸಿನ ಮಕ್ಕಳು ತಡವಾಗಿ ಬಂದಾಗ ನೀವು ವಾಚು ನೋಡಬೇಡಿ, ಅದು ನಿಮ್ಮ ಕೆಲಸ ಅಲ್ಲ.

ಇನ್ನು ನಾಲ್ಕನೆಯದು, ಬರೆದುಕೊಳ್ಳುವುದು. ಎಲ್ಲರೂ ಎಡವುವುದು ಇಲ್ಲೇ.

ಮೊದಲು ಒಂದು ಕೆಲಸ ಮಾಡಿ. ಯಾರೋ ನೆಟ್ಟಿನಿಂದ ಇಳಿಸಿ ಕೊಟ್ಟ ಫಾರ್ಮ್ ಇದ್ದರೆ ಮೇಜಿನಲ್ಲೇ ಬಿಟ್ಟುಬಿಡಿ. ‘ವಿಷಯ ಜ್ಞಾನ: ಐದರಲ್ಲಿ ಎಷ್ಟು? ದನಿಯ ಏರಿಳಿತ: ಐದರಲ್ಲಿ ಎಷ್ಟು?’ ಎಂದು ನಲವತ್ತು ಸಾಲು ಇರುತ್ತದೆ. ಸ್ನೇಹಿತರಿಗೆ ಮೂರು ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ಎಲ್ಲದಕ್ಕೂ ನಾಲ್ಕು ಹಾಕಿ ಎದ್ದು ಬರುತ್ತೇವೆ. ವಿಡಿಯೋ ಮಾಡುವುದೂ ಬೇಡ. ಆಮೇಲೆ ಯಾರೂ ನೋಡುವುದಿಲ್ಲ, ಮಕ್ಕಳು ಮಾತ್ರ ಕೂದಲು ಸರಿಮಾಡಿಕೊಳ್ಳುತ್ತಾರೆ.

ಗೆರೆ ಇಲ್ಲದ ಒಂದು ನೋಟ್‌ಬುಕ್ ಸಾಕು. ಹಾಳೆಗೆ ಎರಡು ಉದ್ದ ಗೆರೆ ಎಳೆದು ಮೂರು ಪಟ್ಟಿ ಮಾಡಿ. ಒಂದರಲ್ಲಿ ಟೈಮು. ನಡುವಿನದರಲ್ಲಿ ಟೀಚರ್ ಏನು ಮಾಡಿದರು. ಕೊನೆಯದರಲ್ಲಿ ಮಕ್ಕಳು ಏನು ಮಾಡಿದರು. ಎರಡೆರಡು ನಿಮಿಷಕ್ಕೆ ಒಂದು ಸಾಲು. ಕೊನೆಯ ಪಟ್ಟಿ ಖಾಲಿ ಉಳಿದರೆ ನೀವು ಪಾಠ ಕೇಳುತ್ತಾ ಕೂತಿದ್ದೀರಿ ಎಂದರ್ಥ. ತಲೆ ಎತ್ತಿ.

ಕಂಡದ್ದು ಬರೆಯಿರಿ, ಅನಿಸಿದ್ದಲ್ಲ. ಕೇಳಲು ಸುಲಭ, ಮಾಡುವಾಗ ಕೈ ತಾನಾಗಿ ತೀರ್ಪು ಬರೆಯುತ್ತದೆ. ‘ಮಕ್ಕಳಿಗೆ ಬೋರಾಗಿದೆ’ ಅನ್ನುವುದು ನಿಮ್ಮ ಅನಿಸಿಕೆ. ‘10.22: ಮೂರನೇ ಬೆಂಚಿನ ಇಬ್ಬರು ಪೆನ್ನಿನ ಮುಚ್ಚಳ ಕಳಚಿ ಹಾಕುತ್ತಿದ್ದಾರೆ, ಕಿಟಕಿ ಪಕ್ಕದವಳು ರೆಕಾರ್ಡ್ ಬುಕ್ಕಿನಲ್ಲಿ ಚಿತ್ರ ಬಿಡಿಸುತ್ತಿದ್ದಾಳೆ’ ಅನ್ನುವುದು ಕಂಡದ್ದು. ‘ಚೆನ್ನಾಗಿ ಪ್ರಶ್ನೆ ಕೇಳಿದರು’ ಕೂಡ ಅನಿಸಿಕೆಯೇ. ಹೊಗಳಿಕೆ ಅಂತ ವಿನಾಯಿತಿ ಇಲ್ಲ.

ಪ್ರಶ್ನೆಗಳನ್ನು ಎಣಿಸಲು ನನ್ನದೊಂದು ಉಪಾಯ ಇದೆ. ಹಾಳೆಯ ಮೂಲೆಯಲ್ಲಿ ಬೆಂಚುಗಳ ಚೌಕ ಬಿಡಿಸಿ, ಪ್ರಶ್ನೆ ಯಾವ ಬೆಂಚಿಗೆ ಹೋಯಿತೋ ಅಲ್ಲಿ ಒಂದು ಗೀಟು ಹಾಕಿ. ಪಿರಿಯಡ್ ಮುಗಿಯುವಾಗ ಎಲ್ಲ ಗೀಟು ಎಡಗಡೆಯ ಎರಡು ಬೆಂಚಿನಲ್ಲೇ ರಾಶಿ ಬಿದ್ದಿರುತ್ತದೆ. ‘ಅರ್ಥ ಆಯ್ತಾ?’ ಎಂದದ್ದಕ್ಕೆ ಬೇರೆ ಗೀಟು. ಅದು ಪ್ರಶ್ನೆ ಅಲ್ಲ. ಅದಕ್ಕೆ ‘ಇಲ್ಲ’ ಎಂದವರನ್ನು ನಾನಂತೂ ನೋಡಿಲ್ಲ.

ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾದರು ಎಂಬುದನ್ನೂ ಬರೆಯಿರಿ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಶಾಲಾ ಕ್ಲಾಸುಗಳ ಟೇಪು ಕೇಳಿ ಇದನ್ನು ಅಳೆದಿದ್ದರು. ಟೀಚರು ಕಾಯುವುದು ಹೆಚ್ಚುಕಡಿಮೆ 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಎಳೆದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರು ಕಡಿಮೆಯಾಗುತ್ತಾರೆ. ವಾಚು ಬೇಡ. ಮನಸ್ಸಿನಲ್ಲೇ ‘ಕಾಸರಗೋಡು, ಕುಂಬಳೆ, ಉಪ್ಪಳ’ ಎಂದು ನಿಧಾನ ಹೇಳಿಕೊಳ್ಳಿ, ಸುಮಾರು ಮೂರು ಸೆಕೆಂಡು. ನಮ್ಮಲ್ಲಿ ಹೆಚ್ಚಿನವರು ಕುಂಬಳೆ ಬರುವ ಮೊದಲೇ ಉತ್ತರ ತಾವೇ ಹೇಳಿಬಿಡುತ್ತಾರೆ.

ಇನ್ನೊಂದು, ಪಿಸುಮಾತಿನ ಭಾಷೆ. ಇದು ಬೇರೆ ಊರಿನ ಫಾರ್ಮಿನಲ್ಲಿ ಸಿಗುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಪ್ರಶ್ನೆ ಇಂಗ್ಲಿಷಿನಲ್ಲಿ ಬರುತ್ತದೆ, ಉತ್ತರ ಬೆಂಚಿನ ಕೆಳಗೆ ತುಳುವಿನಲ್ಲೋ ಮಲಯಾಳದಲ್ಲೋ ಕನ್ನಡದಲ್ಲೋ ಓಡಾಡುತ್ತದೆ. ಒಂದು ಜುಲೈಯಲ್ಲಿ ಎಕನಾಮಿಕ್ಸ್ ಕ್ಲಾಸಿನಲ್ಲಿ ಕೂತಿದ್ದೆ. ಹೊರಗೆ ಮಳೆ. ಒಂದು ವಸ್ತುವಿನ ಬೆಲೆ ಏರಿದರೆ ಅದರ ಬದಲಿಗೆ ಇರುವ ವಸ್ತುವಿನ ಬೇಡಿಕೆ ಏನಾಗುತ್ತದೆ ಎಂದು ಟೀಚರ್ ಇಂಗ್ಲಿಷಿನಲ್ಲಿ ಕೇಳಿದರು. ಉತ್ತರ ಇಲ್ಲ. ಪುಸ್ತಕದ ಟೀ, ಕಾಫಿ ಉದಾಹರಣೆಯನ್ನು ತಾವೇ ಹೇಳಿ ಮುಂದೆ ಹೋದರು. ಅಷ್ಟರಲ್ಲಿ ನನ್ನ ಮುಂದಿನ ಹುಡುಗ ಪಕ್ಕದವನಿಗೆ ಹೇಳಿದ: “ಬೂತಾಯಿ ಇಜ್ಜಿಂಡ ಬಂಗುಡೆ.” ಬೂತಾಯಿ ಮೀನು ಇಲ್ಲದಿದ್ದರೆ ಬಂಗುಡೆ ಮೀನು ಎಂದು ತುಳುವಿನಲ್ಲಿ. ಜೂನ್ 9ರ ನಡುರಾತ್ರಿಯಿಂದ ಜುಲೈ ಕೊನೆಯವರೆಗೆ ಕೇರಳದಲ್ಲಿ ಟ್ರಾಲಿಂಗ್ ನಿಷೇಧ, ಅಂದರೆ ಯಂತ್ರದ ದೋಣಿಗಳು ಬಲೆ ಎಳೆದು ಮೀನು ಹಿಡಿಯುವಂತಿಲ್ಲ; ಮೀನಿನ ರೇಟು ಮನೆಮನೆಯ ಮಾತು. ಪಾಠ ಇಡೀ ಅವನ ಮೂರು ಪದದಲ್ಲಿತ್ತು. ಟೀಚರ್ ಅದಾಗಲೇ ಬೋರ್ಡಿನ ಕಡೆ ತಿರುಗಿದ್ದರು.

ನಾನು ಅದನ್ನು ಟೈಮಿನ ಸಮೇತ ಹಾಗೇ ಬರೆದೆ. ಪಕ್ಕದಲ್ಲಿ ಷರಾ ಹಾಕಲಿಲ್ಲ.

ಐದನೆಯದು: ಕ್ಲಾಸಾದ ಮೇಲಿನ ಮಾತು. ಅದೇ ದಿನ ಆಡಬೇಕು. ಸ್ಟಾಫ್ ರೂಮಿನಲ್ಲಿ ಮಾತ್ರ ಬೇಡ. ವರ್ಷಗಳ ಹಿಂದೆ ನಾನು ಆಗಷ್ಟೇ ಸೇರಿದ್ದ ಒಬ್ಬ ಟೀಚರಿಗೆ ಎಲ್ಲರೆದುರೇ “ಬೋರ್ಡು ಸ್ವಲ್ಪ ನೀಟಾಗಿ ಬರೀಬಹುದಿತ್ತು” ಎಂದೆ. ಒಳ್ಳೆಯದಕ್ಕೇ ಹೇಳಿದ್ದೆ. ಓಣಂ ರಜೆಯವರೆಗೆ ಅವರು ನನ್ನ ಹತ್ತಿರ ಮಾತಾಡಲಿಲ್ಲ. ಕ್ಯಾಂಟೀನಿನ ಮೂಲೆ ಒಳ್ಳೆಯದು, ಬಾಳೆಹಣ್ಣಿನ ಪೋಡಿ ಇದ್ದರೆ ಇನ್ನೂ ಒಳ್ಳೆಯದು.

ಮೊದಲು ಅವರು ಮಾತಾಡಲಿ. “ಹೇಗನ್ನಿಸಿತು?” ಎಂದು ಕೇಳಿ ಬಾಯಿ ಮುಚ್ಚಿ. ಇಲ್ಲೂ ಉಪ್ಪಳದವರೆಗೆ ಎಣಿಸಿ. ಆಮೇಲೆ ಹಾಳೆಯನ್ನು ಅವರ ಕಡೆ ತಿರುಗಿಸಿ ಇಡಿ. ‘ಎರಡು ಹೊಗಳಿಕೆ, ನಡುವೆ ಒಂದು ತಪ್ಪು’ ಎಂದು ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಹೊಗಳಿಕೆ ಶುರುವಾದ ಕೂಡಲೇ ಎದುರಿನವರು ಏಟಿಗೆ ಮೈ ಬಿಗಿಮಾಡಿಕೊಂಡು ಕೂರುತ್ತಾರೆ. ಎಕನಾಮಿಕ್ಸ್ ಟೀಚರಿಗೆ ನಾನು ಏನೂ ಹೇಳಲಿಲ್ಲ. ಹಾಳೆ ಓದುತ್ತಾ ಬೂತಾಯಿಯ ಸಾಲಿಗೆ ಬಂದಾಗ ಅವರೇ ನಿಂತರು. “ಇದು ಯಾರು ಹೇಳಿದ್ದು ಸರ್?” ಎಂದು ಎರಡು ಸಲ ಕೇಳಿದರು.

ಅವರೇ ಸಲಹೆ ಕೇಳಿದರೆ ಒಂದೇ ಒಂದು ಕೊಡಿ, ಮುಂದಿನ ವಾರವೇ ಮಾಡಿ ನೋಡುವಂಥದ್ದು. ಹಾಳೆ ಹರಿದು ಅವರಿಗೇ ಕೊಟ್ಟುಬಿಡಿ. ಫೋಟೋ ತೆಗೆದಿಟ್ಟುಕೊಳ್ಳಬೇಡಿ, ಕಾಲೇಜಿನ ಗುಣಮಟ್ಟ ನೋಡುವ ಐಕ್ಯುಎಸಿ ಸಮಿತಿಯ ಫೈಲಿಗೂ ಬೇಡ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ತಂಡಕ್ಕೆ ದಾಖಲೆ ಬೇಕೆಂದರೆ ಯಾರು ಯಾವ ದಿನ ಯಾರ ಕ್ಲಾಸಿಗೆ ಹೋದರು ಎಂಬ ಪಟ್ಟಿ ಸಾಕು.

ಆರನೆಯದು: ಏಳುವ ಮೊದಲೇ ಅವರು ನಿಮ್ಮ ಕ್ಲಾಸಿಗೆ ಬರುವ ದಿನ ಬರೆದುಕೊಳ್ಳಿ. ಹದಿನೈದು ದಿನದೊಳಗೆ ಇರಲಿ. ಚೆನ್ನಾಗಿ ಗೊತ್ತಿರುವ ಪಾಠದ ದಿನ ಕರೆಯಬೇಡಿ, ಒದ್ದಾಡುವ ಪಾಠದ ದಿನ ಕರೆಯಿರಿ. ನಾನು ಎಕನಾಮಿಕ್ಸ್ ಟೀಚರನ್ನು ಕರೆದದ್ದು ಮೋಲ್ ಕಾನ್ಸೆಪ್ಟಿನ ದಿನ. ಒಂದು ಪಿರಿಯಡ್ಡಿನಲ್ಲಿ ಹತ್ತೊಂಬತ್ತು ‘ಅರ್ಥ ಆಯ್ತಾ’ ಎಣಿಸಿ ಕೊಟ್ಟರು.